ಆಪಲ್ ತೀರ್ಪು: ಅಳತೆ ತಪ್ಪಿದ್ದೆಲ್ಲಿ?

ಆಪಲ್ ಏಕಸ್ವಾಮ್ಯ ಕಂಪನಿಯೇ? ವಿಡಿಯೊ ಗೇಮ್ ಕಂಪನಿ ಎಪಿಕ್ ಗೇಮ್ಸ್ ಹೂಡಿದ್ದ ದಾವೆಯಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶೆ ಇವಾನ್ ಗೊನ್ಸಾಲೆಸ್ ರೋಜರ್ಸ್ 2021ರ ಸೆಪ್ಟೆಂಬರ್‌ನಲ್ಲಿ, ಹಾಗೆಂದು ಸಾಬೀತಾಗಿಲ್ಲ ಎಂದರು. ಶ್ರದ್ಧೆಯಿಂದ ಬರೆದ ತೀರ್ಪು ಅದು. ಆದರೆ ಅದರ ತೀರ್ಮಾನವನ್ನು ನಾನು ಒಪ್ಪಲಾರೆ.

ತೊಡಕಿರುವುದು ಮಾರುಕಟ್ಟೆಯ ಎಲ್ಲೆ ಗುರುತಿಸಿದ ರೀತಿಯಲ್ಲಿ. ಐಫೋನ್ ಆ್ಯಪ್‌ಗಳ ವಿತರಣೆಯೇ ಒಂದು ಮಾರುಕಟ್ಟೆ ಎಂದು ಎಪಿಕ್ ವಾದಿಸಿತು. ವಿಡಿಯೊ ಗೇಮ್‌ಗಳನ್ನೆಲ್ಲ ಸೇರಿಸಿ ನೋಡಬೇಕು ಎಂದಿತು ಆಪಲ್. ನ್ಯಾಯಾಲಯ ಎರಡನ್ನೂ ಒಪ್ಪದೆ ಮೊಬೈಲ್ ಗೇಮ್ ವಹಿವಾಟನ್ನಷ್ಟೇ ಅಳೆಯಿತು. ಆ ಲೆಕ್ಕದಲ್ಲಿ ಆಪಲ್ ಪಾಲು ಶೇ 52ರಿಂದ 57. ಲಾಭ ಅಸಾಧಾರಣ ಪ್ರಮಾಣದ್ದೆಂದು ಒಪ್ಪಿಯೂ ನ್ಯಾಯಾಧೀಶೆ, ಏಕಸ್ವಾಮ್ಯ ಎನ್ನಲು ಅಷ್ಟು ಸಾಲದು ಎಂದುಬಿಟ್ಟರು.

ಐಫೋನ್ ಆ್ಯಪ್‌ಗಳಿಗೆ ತನ್ನದೊಂದೇ ಅಂಗಡಿಯಿದ್ದರೆ ಗ್ರಾಹಕರು ಸುರಕ್ಷಿತ ಎಂಬ ಆಪಲ್ ವಾದದಲ್ಲಿ ಹುರುಳಿಲ್ಲದಿಲ್ಲ. ಮೋಸದ ಆ್ಯಪ್‌ಗಳ ಕಾಟ ನಮಗೆಲ್ಲ ಗೊತ್ತು. ಆದರೆ ಆ್ಯಪ್ ತಪಾಸಣೆ ಬೇರೆ, ಅದರೊಳಗಿನ ಮಾರಾಟದಲ್ಲಿ ಶೇ 30ರವರೆಗೆ ಕಮಿಷನ್ ಪಡೆಯುವುದು ಬೇರೆ. ಟ್ಯಾಕ್ಸಿ ಕರೆಸಿದರೆ, ದಿನಸಿ ತರಿಸಿದರೆ ಈ ಕಮಿಷನ್ ಇಲ್ಲ; ಗೇಮ್‌ನ ಪಾತ್ರಕ್ಕೊಂದು ಉಡುಪು ಕೊಂಡರೆ ಇದೆ. ಕಾರ್ಡಿನ ಮಾಹಿತಿ ಎರಡು ಕಡೆಯೂ ಹೋಗುತ್ತದಲ್ಲ! ಸುರಕ್ಷತೆಯೇ ಕಾರಣವಾಗಿದ್ದರೆ ಈ ಭೇದವೇಕೆ?

ಆಮೇಲೆ ನಡೆದದ್ದು ಇನ್ನೂ ಸ್ಪಷ್ಟ. ಆ್ಯಪ್‌ನ ಹೊರಗೆ ಹಣ ಪಾವತಿಸುವ ದಾರಿಯನ್ನು ಬಳಕೆದಾರರಿಗೆ ತೋರಿಸಲು ಬಿಡಬೇಕೆಂದು ಅದೇ ತೀರ್ಪು ಆದೇಶಿಸಿತ್ತು. ಅಮೆರಿಕದ ಸುಪ್ರೀಂ ಕೋರ್ಟ್ ಮೇಲ್ಮನವಿ ಕೈಗೆತ್ತಿಕೊಳ್ಳದಿದ್ದಾಗ, 2024ರ ಜನವರಿಯಲ್ಲಿ ಆಪಲ್ ಲಿಂಕ್‌ಗಳಿಗೆ ಅವಕಾಶವನ್ನೇನೋ ಕೊಟ್ಟಿತು. ಜೊತೆಗೆ ಆ ಹೊರಗಿನ ಖರೀದಿಗೂ ಶೇ 27ರಷ್ಟು ಕಮಿಷನ್ ಹೇರಿತು. ಆಪಲ್ ಬೇಕೆಂದೇ ಆದೇಶ ಉಲ್ಲಂಘಿಸಿದೆ ಎಂದು 2025ರ ಏಪ್ರಿಲ್‌ನಲ್ಲಿ ಹೇಳಿದ್ದು ಅದೇ ನ್ಯಾಯಾಧೀಶೆ. ನಿಜವಾದ ಪೈಪೋಟಿ ಇದ್ದಲ್ಲಿ, ಬೇರೆಯವರ ಗಲ್ಲಾಪೆಟ್ಟಿಗೆಗೆ ಬಿದ್ದ ಹಣದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕೇಳುವ ಧೈರ್ಯ ಯಾವ ವ್ಯಾಪಾರಿಗೆ ಬಂದೀತು? ಶೇಕಡಾವಾರು ಪಾಲಿಗಿಂತ ದೊಡ್ಡ ಸಾಕ್ಷ್ಯ ಇದು.

ಭಾರತದ ಸ್ಪರ್ಧಾ ಆಯೋಗ 2021ರ ಕೊನೆಯಲ್ಲಿ ಆಪಲ್ ವಿರುದ್ಧ ತನಿಖೆಗೆ ಆದೇಶಿಸುವಾಗ ಈ ಸೂಕ್ಷ್ಮವನ್ನು ಹಿಡಿಯಿತು. ಇಲ್ಲಿ ನಮ್ಮ ಪಾಲು ತೀರಾ ಚಿಕ್ಕದು ಎಂದು ಆಪಲ್ ಹೇಳಿಕೊಂಡಿತ್ತು. ಆಯೋಗ ಫೋನ್ ಮಾರಾಟವನ್ನು ಲೆಕ್ಕಕ್ಕೆ ಹಿಡಿಯದೆ, ಐಫೋನ್‌ಗೆ ಆ್ಯಪ್ ಮಾಡುವವರ ಕಡೆಯಿಂದ ನೋಡಿತು. ಸರಿಯಾದ ನೋಟ ಅದೇ. ದೇಶದ ತುಂಬ ಆಂಡ್ರಾಯ್ಡ್ ಫೋನ್‌ಗಳಿವೆಯೆಂದು, ಬೆಂಗಳೂರಿನಲ್ಲಿ ಕೂತು ಐಫೋನ್ ಆ್ಯಪ್ ಮಾರುವ ತಂಡಕ್ಕೆ ಆಪಲ್ ಒಂದು ರೂಪಾಯಿಯನ್ನೂ ಬಿಡುವುದಿಲ್ಲ.