ಬೆಸುಗೆಯಲ್ಲಿ ಹುಟ್ಟಿದ ಶ್ರುತಿ

ವಿದ್ಯುನ್ಮಾನಶಾಸ್ತ್ರವನ್ನು ಓದದವನೂ, ಸಂಗೀತದ ಪಾಠವನ್ನು ಗುರುಮುಖೇನ ಹೇಳಿಸಿಕೊಳ್ಳದವನೂ ತನ್ನ ಕೈಯಿಂದಲೇ ಒಂದು ಸಿಂಥಸೈಜರನ್ನು ಕಟ್ಟಿಕೊಳ್ಳಬಹುದೆಂದು ಹೊಸಬರನ್ನು ಹುರಿದುಂಬಿಸುವ ಪರಿಪಾಠವು ಈಗ ಲೋಕದಲ್ಲೆಲ್ಲ ಹಬ್ಬಿದೆ. ಬೆಂಗಳೂರಿಗೂ ಅದು ಅಪರಿಚಿತವಲ್ಲ. ಇಂಡಿಯನ್ ಸಾನಿಕ್ ರಿಸರ್ಚ್ ಆರ್ಗನೈಸೇಷನ್ ಎಂಬ, ಮೊದಲಕ್ಷರಗಳನ್ನು ಕೂಡಿಸಿದರೆ ಬಾಹ್ಯಾಕಾಶ ಸಂಸ್ಥೆಯ ಹೆಸರೇ ಆಗಿ ಕೇಳುವವನನ್ನು ಕ್ಷಣಕಾಲ ತಬ್ಬಿಬ್ಬುಗೊಳಿಸುವ ಬಳಗವೊಂದು ಇಲ್ಲಿಯೇ ಇಂತಹ ನಾದಯಂತ್ರಗಳನ್ನು ಕಟ್ಟುವ ಕೆಲಸದಲ್ಲಿ ತೊಡಗಿದುದುಂಟು. ಪರಿಪಾಠವು ಒಳ್ಳೆಯದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಒಳ್ಳೆಯದು ಏತಕ್ಕಾಗಿ, ಎಷ್ಟರಮಟ್ಟಿಗೆ ಎಂಬುದನ್ನು ವಿಚಾರಿಸದೆ ಹೊಗಳಿದರೆ ಆ ಹೊಗಳಿಕೆಗೆ ಬೆಲೆ ಇರದು.

ಮೊದಲು ವಸ್ತುವನ್ನೇ ನೋಡೋಣ. 40106 ಎಂಬ ಸಂಖ್ಯೆಯ ಐ.ಸಿ. ಹದಿನಾಲ್ಕು ಕಾಲುಗಳ ಕರಿಯ ಜಿರಳೆಯಂತಹ ಪದಾರ್ಥ. ಬೆಲೆ ಒಂದು ಮಸಾಲೆದೋಸೆಗಿಂತ ಕಡಿಮೆ. ನಿಕೊಲಾಸ್ ಕಾಲಿನ್ಸ್ ಎಂಬ ಅಮೆರಿಕದ ಸಂಗೀತಕಾರರು ಹೊಸಬರಿಗಾಗಿ ಬರೆದು 2006ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಪಾಠ ಹೇಳುವುದು ಇದೇ ಜಾತಿಯ ಐ.ಸಿ.ಯಿಂದ. ಅದರೊಳಗೆ ಒಂದೇ ಬಗೆಯ ಆರು ದ್ವಾರಗಳಿವೆ; ಒಳಕ್ಕೆ ಹೆಚ್ಚು ವೋಲ್ಟೇಜು ಬಂದರೆ ಹೊರಕ್ಕೆ ಕಡಿಮೆ, ಒಳಕ್ಕೆ ಕಡಿಮೆ ಬಂದರೆ ಹೊರಕ್ಕೆ ಹೆಚ್ಚು ಎಂಬ ವಕ್ರಬುದ್ಧಿ ಒಂದೊಂದಕ್ಕೂ. ಅಂತಹ ಒಂದು ದ್ವಾರದ ಹೊರಗಾಲಿನಿಂದ ಒಳಗಾಲಿಗೆ ಒಂದು ರೆಸಿಸ್ಟರನ್ನೂ, ಒಳಗಾಲಿನಿಂದ ಗ್ರೌಂಡಿಗೆ ಒಂದು ಕೆಪ್ಯಾಸಿಟರನ್ನೂ ಸೇರಿಸಿ ಒಂಬತ್ತು ವೋಲ್ಟಿನ ಬ್ಯಾಟರಿಯನ್ನು ಕೊಟ್ಟರೆ, ಹಿಂದಿನವರ ಗಳಿಗೆಬಟ್ಟಲು ತುಂಬಿ ಮುಳುಗಿ, ಬರಿದುಮಾಡಿ ಬಿಟ್ಟರೆ ಮತ್ತೆ ತುಂಬುತ್ತಿದ್ದಂತೆ, ಕೆಪ್ಯಾಸಿಟರು ತುಂಬುತ್ತ ಬರಿದಾಗುತ್ತ ಹೋಗುತ್ತದೆ. ಬಟ್ಟಲು ಇಪ್ಪತ್ತನಾಲ್ಕು ನಿಮಿಷಕ್ಕೊಮ್ಮೆ ಮುಳುಗುತ್ತಿತ್ತು. ಕೆಪ್ಯಾಸಿಟರಾದರೋ, ರೆಸಿಸ್ಟರು ಒಂದು ಲಕ್ಷ ಓಮಿನದೂ ತಾನು 0.1 ಮೈಕ್ರೊಫ್ಯಾರಡಿನದೂ ಆಗಿದ್ದರೆ, ಸೆಕೆಂಡಿಗೆ ನೂರರ ಆಸುಪಾಸು ಸಲ ತುಂಬಿ ಬರಿದಾಗುತ್ತದೆ. ಅದರೊಡನೆ ಹೊರಗಾಲಿನಲ್ಲಿ ಏಳುವ ಚೌಕದ ಅಲೆಯನ್ನು ಆಂಪ್ಲಿಫೈಯರಿನ ಮೂಲಕ ಸ್ಪೀಕರಿಗೆ ಕೊಟ್ಟರೆ ಒಂದು ಸ್ವರ.

ಆ ಸ್ವರವನ್ನು ಷಡ್ಜವೆಂದು ಹಿಡಿಯಿರಿ. ರೆಸಿಸ್ಟರಿನ ಮೌಲ್ಯವನ್ನು ಅರ್ಧಕ್ಕೆ ಇಳಿಸಿದರೆ ಮೇಲಿನ ಷಡ್ಜ. ಮುಕ್ಕಾಲು ಮಾಡಿದರೆ, ಎಂದರೆ ಎಪ್ಪತ್ತೈದು ಸಾವಿರ ಓಮಿಗೆ, ಶುದ್ಧ ಮಧ್ಯಮ. ಮೂರರಲ್ಲಿ ಎರಡು ಪಾಲು ಮಾಡಿದರೆ ಪಂಚಮ. ತಂಬೂರಿಯ ತಂತಿಗಳು ನಾಲ್ಕು, ಐ.ಸಿ.ಯ ದ್ವಾರಗಳು ಆರು. ನಾಲ್ಕನ್ನು ತಂತಿಗಳಿಗೆ ಒಪ್ಪಿಸಿ ಉಳಿದೆರಡರ ಒಳಗಾಲುಗಳನ್ನು ಗ್ರೌಂಡಿಗೆ ಕಟ್ಟಿಹಾಕಿದರೆ ಒಂದು ಬಡ ತಂಬೂರಿ ಸಿದ್ಧವಾಯಿತು. ಗ್ರಂಥಗಳಲ್ಲಿ ಸ್ವರಗಳ ಅನುಪಾತವನ್ನು ಓದಿ ತಲೆಯಾಡಿಸುವುದಕ್ಕೂ, ಅದೇ ಅನುಪಾತವನ್ನು ಬೆರಳ ತುದಿಯಲ್ಲಿ ಹಿಡಿದು ಕಿವಿಯಿಂದ ಒಪ್ಪಿಕೊಳ್ಳುವುದಕ್ಕೂ ಇರುವ ಅಂತರವೇ ಈ ಅಭ್ಯಾಸದ ಪರಮಪ್ರಯೋಜನ.

ನಾನು ಇದನ್ನು ಕಟ್ಟಿದಾಗ ಪಂಚಮಕ್ಕೆ ಬೇಕಾದ ಮೌಲ್ಯದ ರೆಸಿಸ್ಟರು ಅಂಗಡಿಯಲ್ಲಿ ಸಿಗಲಿಲ್ಲ. ಸಮೀಪವಾದದ್ದು ಅರವತ್ತೆಂಟು ಸಾವಿರ ಓಮಿನದು. ಅದನ್ನೇ ಸಿಕ್ಕಿಸಿ, ಹಲಸೂರಿನಲ್ಲಿರುವ ನನ್ನ ಸೋದರತ್ತೆಯ ಮುಂದೆ ಹೆಮ್ಮೆಯಿಂದ ನುಡಿಸಿದೆನು. ಬೇಳೆ ಆರಿಸುತ್ತಿದ್ದ ಅವರು ತಲೆಯೆತ್ತದೆಯೇ “ಪಂಚಮ ಇಳಿದಿದೆ ಕಣೋ” ಎಂದರು. ಲೆಕ್ಕ ಹಾಕಿ ನೋಡಿದರೆ, ಹಾರ್ಮೋನಿಯಮ್ಮಿನ ಪಕ್ಕಪಕ್ಕದ ಎರಡು ಮನೆಗಳ ಅಂತರದಲ್ಲಿ ಮೂರರಲ್ಲೊಂದು ಪಾಲಿನಷ್ಟು ಅದು ತಗ್ಗಿತ್ತು. ಸ್ವರ್ಣವರ್ಣದ ಪಟ್ಟಿಯಿರುವ ರೆಸಿಸ್ಟರು ನೂರಕ್ಕೆ ಐದರಷ್ಟು ಹೆಚ್ಚುಕಡಿಮೆಯಾಗಬಹುದೆಂಬುದು ತಯಾರಕರ ಒಪ್ಪಂದ. ಯಂತ್ರಕ್ಕೆ ಕ್ಷಮ್ಯವಾದ ಆ ಐದು ಸಂಗೀತದಲ್ಲಿ ಹೆಚ್ಚುಕಡಿಮೆ ಒಂದು ಮನೆಯೇ ತಪ್ಪಿದಂತೆ. ಆಮೇಲೆ ಅದರ ಬದಲು, ತಿರುಗಿಸಿ ಮೌಲ್ಯವನ್ನು ಹೊಂದಿಸಬಹುದಾದ ಪ್ರೀಸೆಟ್ ಎಂಬ ರೆಸಿಸ್ಟರನ್ನು ಸೇರಿಸಿ, ಅತ್ತೆ “ಹಾಂ” ಎನ್ನುವವರೆಗೂ ಸ್ಕ್ರೂಡ್ರೈವರಿನಿಂದ ತಿರುಗಿಸಿದೆನು. ಆ ದಿನ ನಾನು ಕಲಿತದ್ದರಲ್ಲಿ ಬಹುಪಾಲು ಆ “ಹಾಂ” ಒಂದರಲ್ಲಿಯೇ ಇತ್ತು.

ಪರಿಪಾಠದ ದೋಷವೂ ಇಲ್ಲಿಯೇ ತೋರುತ್ತದೆ. ಪೆಟ್ಟಿಗೆಯಲ್ಲಿ ಬರುವ ಕಿಟ್ಟುಗಳು ಹೊಸಬನಿಗೆ ಬೆಸುಗೆಯ ಕ್ರಮವನ್ನು ಹೇಳುತ್ತವೆ, ಸ್ವರದ ವಿಚಾರವನ್ನು ಹೇಳುವುದಿಲ್ಲ. ಎ ಎಂಬಲ್ಲಿ ಎ, ಬಿ ಎಂಬಲ್ಲಿ ಬಿ ಎಂದು ಸಿಕ್ಕಿಸುತ್ತ ಹೋದವನಿಗೆ ಕೊನೆಯಲ್ಲಿ ಪೀಪೀ ಎನ್ನುವ ಒಂದು ವಸ್ತು ದೊರೆಯುತ್ತದೆಯೇ ಹೊರತು ಅದು ಏಕೆ ಹಾಗೆನ್ನುತ್ತದೆಂಬ ತಿಳಿವಳಿಕೆ ದೊರೆಯದು. ಕರ್ಕಶಧ್ವನಿಯೇ ಒಂದು ಕಲೆಯೆಂಬ ಪಕ್ಷವೂ ಉಂಟು. ಅದು ಅನುಭವಿಗೆ ಆಯ್ಕೆಯಾದರೆ ಹೊಸಬನಿಗೆ ಬಹುಮಟ್ಟಿಗೆ ನೆಪ. ಇಷ್ಟೆಲ್ಲ ಶ್ರಮಿಸಿದ ಮೇಲೂ ಚೌಕದ ಅಲೆಯಲ್ಲಿ ಬೆಸಸಂಖ್ಯೆಯ ಉಪಸ್ವರಗಳು ಮಾತ್ರ ಇರುವುದರಿಂದ, ಕುದುರೆಯ ಮೇಲೆ ತಂತಿಯಡಿಗೆ ಸಿಕ್ಕಿಸಿದ ನೂಲಿನಿಂದ ತಂಬೂರಿಗೆ ಒದಗುವ ಆ ಜೀವಾಳದ ಝೇಂಕಾರ ಇದಕ್ಕೆ ಒದಗುವುದಿಲ್ಲ. ಬ್ಯಾಟರಿ ಸೊರಗಿದಂತೆ ಶ್ರುತಿಯೂ ಸರಿಯುತ್ತದೆ. ಪ್ರೋತ್ಸಾಹಿಸುವವರು ಈ ಕೊರತೆಗಳನ್ನು ಮುಚ್ಚಿಡದೆ ಹೇಳತಕ್ಕದ್ದು.

ಕೊರತೆಯನ್ನು ಅರಿತವನು ಎಲ್ಲಿಗೆ ಮುಟ್ಟಬಲ್ಲನೆಂಬುದಕ್ಕೆ ದೂರದ ನಿದರ್ಶನವೂ ಉಂಟು, ಹತ್ತಿರದ್ದೂ ಉಂಟು. ಅಮೆರಿಕದಲ್ಲಿ ರಾಬರ್ಟ್ ಮೂಗ್, ಥೆರೆಮಿನ್ ಎಂಬ ವಿದ್ಯುನ್ಮಾನ ವಾದ್ಯದ ಕಿಟ್ಟುಗಳನ್ನು ಮಾರುತ್ತಿದ್ದವನು 1964ರ ಹೊತ್ತಿಗೆ ತನ್ನ ಸಿಂಥಸೈಜರನ್ನು ರೂಪಿಸಿದನು; 1969ರಲ್ಲಿ ಸಂಗೀತಕಾರ ಡೇವಿಡ್ ಟ್ಯೂಡರ್ ಅಂತಹುದೊಂದನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ನೆಲೆಗೊಳಿಸಿದನು. ಅದು ವಿದೇಶದಿಂದ ಬಂದ ಯಂತ್ರ. ಆದರೆ ವಿಮಾನಕಾರ್ಖಾನೆಯಾದ ಎಚ್.ಎ.ಎಲ್.ನಲ್ಲಿ ಇಂಜಿನಿಯರಾಗಿದ್ದು ಕೊಳಲನ್ನೂ ನುಡಿಸುತ್ತಿದ್ದ ಜಿ. ರಾಜ್ ನಾರಾಯಣ್ ಅವರು ಬೆಂಗಳೂರಿನಲ್ಲಿ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ನಿರ್ಮಿಸಿದುದು ಹಾಡುವವರ ನಿತ್ಯದ ಅಗತ್ಯವೊಂದನ್ನು ಕಂಡು. ಮುಂದೆ ಅವರ ರಾಡೆಲ್ ಸಂಸ್ಥೆಯ ಪೆಟ್ಟಿಗೆಗಳು ಸಂಗೀತಪಾಠದ ಮನೆಗಳಲ್ಲಿ ಜಮಖಾನೆಯಷ್ಟೇ ಸಹಜವಾದುವು. ನಾದವನ್ನು ಬಲ್ಲ ಕಿವಿಯೂ ಬೆಸುಗೆಯನ್ನು ಬಲ್ಲ ಕೈಯೂ ಒಬ್ಬನಲ್ಲಿಯೇ ಕೂಡಿದುದರ ಫಲವಿದು.

ಅಂತಹ ಕೈಗಳಿಗೆ ನಗರದ ಪೂರ್ವಭಾಗದಲ್ಲಿ ಎಂದೂ ಬರವಿರಲಿಲ್ಲ. 1940ರಲ್ಲಿ ಆರಂಭವಾದ ಆ ವಿಮಾನಕಾರ್ಖಾನೆ ಒಂದು ಕಡೆ, 1948ರಲ್ಲಿ ಕೆ.ಆರ್. ಪುರದ ಬಳಿ ದೂರವಾಣಿನಗರದಲ್ಲಿ ಆರಂಭವಾದ ಟೆಲಿಫೋನು ಕಾರ್ಖಾನೆ ಐ.ಟಿ.ಐ. ಇನ್ನೊಂದು ಕಡೆ. ಅಲ್ಲಿ ತಯಾರಾದ ಟೆಲಿಫೋನುಗಳನ್ನು ಎತ್ತಿ ಕಿವಿಗಿಟ್ಟೊಡನೆ ಕೇಳುತ್ತಿದ್ದ ಡಯಲ್ ಟೋನು ಕೂಡ ಯಂತ್ರವೊಂದು ಹಿಡಿದ ಶ್ರುತಿಯೇ ಅಲ್ಲವೇ? ಶಿವಾಜಿನಗರದ ಗುಜರಿಯಲ್ಲಿ ಹಳೆಯ ಸ್ಪೀಕರೊಂದನ್ನು ಚೌಕಾಸಿಮಾಡಿ ತಂದು ಇಂದಿರಾನಗರದ ಮನೆಯ ಮೇಜಿನ ಮೇಲೆ ಬ್ರೆಡ್‌ಬೋರ್ಡನ್ನು ಹರಡಿಕೊಳ್ಳುವ ಹುಡುಗನೋ ಹುಡುಗಿಯೋ ಅರಿಯದೆಯೇ ಆ ಪರಂಪರೆಗೆ ಸೇರುತ್ತಾರೆ.

ಆದುದರಿಂದ ನನ್ನ ತೀರ್ಮಾನವಿಷ್ಟು: ಹೊಸಬನು ಕಟ್ಟಲಿ, ಆದರೆ ಇಪ್ಪತ್ತು ಗುಂಡಿಗಳ ಕಿಟ್ಟಿನಿಂದ ಆರಂಭಿಸದೆ ಒಂದೇ ಸ್ವರದಿಂದ ಆರಂಭಿಸಲಿ. ಮನೆಯ ವಿದ್ಯುತ್ತಿನ ತಂಟೆಗೆ ಹೋಗದೆ ಬ್ಯಾಟರಿಯಲ್ಲಿಯೇ ತೃಪ್ತನಾಗಲಿ. ಎರಡನೆಯ ಸ್ವರವನ್ನು ಸೇರಿಸುವ ಮುನ್ನ, ಹಾಡಬಲ್ಲ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು “ಹಾಂ” ಎನ್ನುವವರೆಗೆ ಪ್ರೀಸೆಟ್ಟನ್ನು ತಿರುಗಿಸಲಿ.