ರಕ್ತದ ಸಾಕ್ಷ್ಯ: ಆಡು ಕುರಿಗಳ ಕಂದುರೋಗ ಪರೀಕ್ಷೆಗಳ ವಿಮರ್ಶೆ

ಆರನೆಯ ವಿಕ್ರಮಾದಿತ್ಯನ (1076–1126) ಆಸ್ಥಾನವಿದ್ದ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ರಚಿಸಿದ ‘ಮಿತಾಕ್ಷರಾ’ ವ್ಯಾಖ್ಯಾನದಲ್ಲಿ ಲಿಖಿತ, ಭುಕ್ತಿ, ಸಾಕ್ಷಿಗಳೆಂಬ ಪ್ರಮಾಣಗಳ ವಿಚಾರವು ವಿಸ್ತಾರವಾಗಿ ಬಂದಿರುವುದು. ಆ ಕಲ್ಯಾಣವೇ ಇಂದಿನ ಬಸವಕಲ್ಯಾಣ. ಅಲ್ಲಿಯೂ ನೆರೆಯ ಹುಮನಾಬಾದದಲ್ಲಿಯೂ ಆಡು ಕುರಿಗಳನ್ನು ನಂಬಿ ಬಾಳುವವರಿಗೆ ಇಂದು ಬೇರೊಂದು ಪ್ರಮಾಣದ ಪ್ರಶ್ನೆಯುಂಟು: ಪಶುವಿನ ರಕ್ತವು ನುಡಿಯುವ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ನಂಬಬಹುದು?

ಕಂದು ಹಾಕಿಸುವ ಬ್ರುಸೆಲ್ಲೋಸಿಸ್ ರೋಗದ ಅಣುವನ್ನು 1887ರಲ್ಲಿ ಡೇವಿಡ್ ಬ್ರೂಸನು ಮಾಲ್ಟಾ ದ್ವೀಪದಲ್ಲಿ ಕಂಡುಹಿಡಿದನು. ಆಡುಗಳೇ ಅದರ ನೆಲೆಯೆಂಬುದನ್ನು 1905ರಲ್ಲಿ ಜಾಮಿಟ್ ಎಂಬ ವೈದ್ಯನು ತೋರಿಸಿಕೊಟ್ಟನು. ಕಾಯಿಸದ ಹಾಲಿನಿಂದಲೂ, ಈಯುವ ಪಶುವನ್ನು ಬರಿಗೈಯಲ್ಲಿ ಮುಟ್ಟುವುದರಿಂದಲೂ ಇದು ಕುರಿಗಾಹಿಗೆ ತಗಲಿ, ಮರಳಿ ಮರಳಿ ಬರುವ ಜ್ವರವಾಗಿ ಕಾಡುವುದು. ಒಮ್ಮೆ ಕಂದು ಹಾಕಿದ ಕುರಿಯು ಬಳಿಕ ಆರೋಗ್ಯವಾಗಿಯೇ ಕಾಣುವುದರಿಂದ ರಕ್ತಪರೀಕ್ಷೆಯು ಅನಿವಾರ್ಯವಾಗಿದೆ.

ಇವುಗಳಲ್ಲಿ ರೋಸ್ ಬೆಂಗಾಲ್ ಪರೀಕ್ಷೆಯು ಅತಿ ಸುಲಭವಾದುದು. ಬಣ್ಣ ಕಟ್ಟಿದ ನಿರ್ಜೀವ ರೋಗಾಣುಗಳ ಆಮ್ಲದ್ರವವನ್ನು ರಕ್ತದ ತಿಳಿಯಾದ ಸೀರಂನೊಡನೆ ಬೆರೆಸಿದರೆ, ಪ್ರತಿಕಾಯಗಳಿದ್ದಲ್ಲಿ ನಾಲ್ಕು ನಿಮಿಷಗಳೊಳಗೆ ಹರಳುಗಟ್ಟುವುದು. ಆದರೆ ದನಗಳಿಗೆ ಗೊತ್ತುಮಾಡಿದ ಸಮಭಾಗದ ಅಳತೆಯು ಆಡು ಕುರಿಗಳಿಗೆ ಸಾಲದು. ಒಂದು ಪಾಲು ದ್ರವಕ್ಕೆ ಮೂರು ಪಾಲು ಸೀರಂ ಬೇಕು. ನಳಿಕೆಯಲ್ಲಿ ಮಾಡುವ ಹಳೆಯ ಪರೀಕ್ಷೆಯಂತೂ ಇವುಗಳಿಗೆ ಯೋಗ್ಯವೆನಿಸಿಲ್ಲ.

ವಿಮರ್ಶೆಗೆ ಅವಕಾಶವಿರುವುದು ಇಲ್ಲಿಂದ ಮುಂದೆ. ಒಂದು ಪರೀಕ್ಷೆಯ ಫಲವು ಎಲೀಸಾದಂತಹ ಇನ್ನೊಂದರೊಡನೆ ಹೊಂದಿದರೆ ಅದನ್ನು ನಿಖರವೆನ್ನುವ ರೂಢಿಯುಂಟು. ಒಂದೇ ಮಾತೃಕೆಯಿಂದ ಇಳಿದ ಎರಡು ಓಲೆಪ್ರತಿಗಳು ಒಂದೇ ತಪ್ಪುಪಾಠವನ್ನು ಹೇಳಿದಲ್ಲಿ ಅದು ಶುದ್ಧಪಾಠವಾಗದು. ಈ ಪರೀಕ್ಷೆಗಳಲ್ಲಿ ಹೆಚ್ಚಿನವು ರೋಗಾಣುವಿನ ಮೇಲ್ಪದರದ ಒಂದೇ ದ್ರವ್ಯಕ್ಕೆ ಹುಟ್ಟಿದ ಪ್ರತಿಕಾಯಗಳನ್ನು ಅರಸುವುವು. ಯೆರ್ಸೀನಿಯಾ ಎಂಬ ಬೇರೆ ಅಣುವಿನ ಒಂದು ಬಗೆಯಲ್ಲಿಯೂ ತತ್ಸದೃಶ ದ್ರವ್ಯವಿರುವುದರಿಂದ ಅವೆಲ್ಲವೂ ಒಟ್ಟಿಗೆ ಮೋಸಹೋಗಬಹುದು.

ಮತ್ತೊಂದು ದೋಷವು ಗಣಿತದ್ದು. ಒಂದು ಪರೀಕ್ಷೆಯು ನೂರು ರೋಗಿಗಳಲ್ಲಿ 90ನ್ನು ಹಿಡಿಯುವುದೆಂದೂ, ನೂರು ನಿರೋಗಿಗಳಲ್ಲಿ 95ನ್ನು ಬಿಡುವುದೆಂದೂ ಎಣಿಸೋಣ. 1000 ಕುರಿಗಳಲ್ಲಿ 20ಕ್ಕೆ ಮಾತ್ರ ರೋಗವಿದ್ದರೆ, ನಿಜವಾಗಿ ಸಿಕ್ಕುವುವು 18. ಸುಳ್ಳಾಗಿ ದೂಷಿತವಾಗುವುವು 49. ರೋಗವು 200ಕ್ಕೆ ಇದ್ದರೆ ಈ ಸಂಖ್ಯೆಗಳು 180 ಮತ್ತು 40 ಆಗುವುವು. ಸಾಕ್ಷಿಯು ಬದಲಾಗಲಿಲ್ಲ, ಹಿಂಡು ಬದಲಾಯಿತು. ಆದುದರಿಂದ ಒಂದು ಸೀಮೆಯಲ್ಲಿ ಸಿದ್ಧವಾದ ಮೌಲ್ಯವನ್ನು ಮತ್ತೊಂದಕ್ಕೆ ಹಾಗೆಯೇ ಒಯ್ಯುವುದು ಸಲ್ಲದು.

ಹೀಗಿರಲು, ಇಡಿಯ ಹಿಂಡಿಗೆ ಮೊದಲು ರೋಸ್ ಬೆಂಗಾಲ್ ಪರೀಕ್ಷೆ, ಅದರಲ್ಲಿ ಸಿಕ್ಕಿದವಕ್ಕೆ ಎರಡನೆಯದೊಂದು ಪರೀಕ್ಷೆ, ಹಾಕಿದ ಕಂದಿನಿಂದ ರೋಗಾಣುವನ್ನೇ ಬೆಳೆಸಿ ನೋಡುವುದು—ಈ ಕ್ರಮವೇ ಯುಕ್ತವೆಂದು ತೋರುವುದು. ಸುಳ್ಳು ಸಾಕ್ಷ್ಯದಿಂದ ಬಡವನು ಒಳ್ಳೆಯ ಕುರಿಯನ್ನು ಕಟುಕನ ಬೆಲೆಗೆ ಮಾರುವನು. ತಪ್ಪಿಸಿಕೊಂಡ ರೋಗಿಯು ಸಂತೆಯ ದಾರಿಯಲ್ಲಿ ಇನ್ನೊಬ್ಬನ ಹಟ್ಟಿಯನ್ನು ಸೇರುವುದು.