ಕ್ವಾಟ್ರಿನ ಸೊಗಡು

ನಮ್ಮ ಕಡೆ ವಿಸ್ಕಿಗೆ ಹೆಸರಿಲ್ಲ, ಬರೀ ಇನಿಷಿಯಲ್ಲು. ದೊಡ್ಡಬಳ್ಳಾಪುರದಲ್ಲೋ ನೆಲಮಂಗಲದಲ್ಲೋ ಸಂಜೆ ಹೊತ್ತು ಯಾವುದಾದರೂ ವೈನ್ ಶಾಪಿನ ಕಂಬಿ ಮುಂದೆ ಐದು ನಿಮಿಷ ನಿಂತು ಕೇಳಿ. ‘ಅಣ್ಣ, ಒಂದ್ ಓಟಿ ಕ್ವಾಟ್ರು.’ ‘ಎರಡು ಡಿಎಸ್‌ಪಿ ನೈಂಟಿ.’ ‘ಆರ್‌ಸಿ ಇದ್ರೆ ಕೊಡಣ್ಣ, ಇಲ್ದಿದ್ರೆ ಯಾವ್ದಾದ್ರೂ ಕೊಡು.’

ಈ ‘ಯಾವ್ದಾದ್ರೂ ಕೊಡು’ ಅನ್ನೋದರ ಮೇಲೆ ನನ್ನ ತಕರಾರು. ಅವರೆಕಾಯಿ ಸೀಸನ್ನಿನಲ್ಲಿ ರಾಶಿಯಿಂದ ಒಂದು ಕಾಯಿ ಎತ್ತಿ, ಮೂಸಿ, ಸೊಗಡಿದ್ದರೆ ಮಾತ್ರ ಚೀಲ ಬಿಚ್ಚೋ ಜನ ನಾವು. ಒಂದು ಪ್ಲೇಟ್ ಬಿರಿಯಾನಿಗೆ ಬೆಳಗಿನ ಜಾವ ಎದ್ದು ಹೊಸಕೋಟೆಗೆ ಹೋಗಿ ಕ್ಯೂ ನಿಲ್ಲುತ್ತೀವಿ. ಅಷ್ಟು ಚುರುಕಾದ ಮೂಗು, ನಾಲಿಗೆ ವಿಸ್ಕಿ ಮುಂದೆ ಬಂದಾಗ ಯಾಕೆ ರಜೆ ಹಾಕುತ್ತೆ? ‘ಕಿಕ್ ಇದೆಯಾ’, ‘ಎಷ್ಟು’ ಎಂಬ ಎರಡೇ ಪ್ರಶ್ನೆಯಲ್ಲಿ ವ್ಯಾಪಾರ ಮುಗಿಯುತ್ತೆ. ದಿನಾ ಒಂದು ಕ್ವಾಟ್ರು ಕುಡಿಯೋ ಮಗ್ಗದ ಕೆಲಸಗಾರ ತಿಂಗಳಿಗೆ 5,400 ಮಿ.ಲೀ. ಕೊಳ್ಳುತ್ತಾನೆ. ಅಂದರೆ ಏಳು ದೊಡ್ಡ ಬಾಟಲಿ ದಾಟುತ್ತೆ. ಅಷ್ಟು ಕೊಳ್ಳುವವನಿಗೆ ತಾನು ಕೊಂಡಿದ್ದು ಏನು ಅಂತ ಯಾರೂ ಹೇಳಲ್ಲ.

ಹೇಳೋಣ. ಅಗ್ಗದ ದರ್ಜೆಯ ನಮ್ಮ ವಿಸ್ಕಿಗಳ ಬುನಾದಿ ಹೆಚ್ಚಾಗಿ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಬಟ್ಟಿ ಇಳಿಸಿದ ನ್ಯೂಟ್ರಲ್ ಸ್ಪಿರಿಟ್. ಕೆಲವದರಲ್ಲಿ ಧಾನ್ಯದ ಸ್ಪಿರಿಟ್. ‘ನ್ಯೂಟ್ರಲ್’ ಅಂದರೆ ವಾಸನೆ, ರುಚಿ ಎಲ್ಲ ತೊಳೆದು ತೆಗೆದದ್ದು ಅಂತಲೇ ಅರ್ಥ. ಅದಕ್ಕೆ ನೀರು, ಬಣ್ಣಕ್ಕೆ ಕ್ಯಾರಮೆಲ್, ಒಂದಿಷ್ಟು ಮಾಲ್ಟ್ ಸ್ಪಿರಿಟ್ ಇಲ್ಲವೇ ಫ್ಲೇವರ್ ಸೇರಿಸಿದರೆ ಕ್ವಾಟ್ರು ರೆಡಿ. ಕಾಕಂಬಿಯಿಂದ ಮಾಡಿದ್ದನ್ನು ಯುರೋಪಿನಲ್ಲಿ ವಿಸ್ಕಿ ಅಂತ ಮಾರೋ ಹಾಗಿಲ್ಲ, ಅಲ್ಲಿ ವಿಸ್ಕಿ ಅಂದರೆ ಧಾನ್ಯದ್ದೇ ಆಗಿರಬೇಕು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಪಾಕೆಟ್ ಬಿಟ್ಟವರು ಈ ಅಗ್ಗದ ವಿಸ್ಕಿ ಹಿಡಿದರು. ಹೆಸರು ಬದಲಾಯಿತು, ಬಣ್ಣ ಬಂತು. ರುಚಿ ಬಂತಾ? ಅದನ್ನು ಕೇಳಿದವರು ಕಡಿಮೆ.

ಹಾಗಾದರೆ ನಿಜವಾದ ಮಾಲ್ಟ್ ಅಂದರೇನು? ಇದಕ್ಕೆ ಸ್ಕಾಟ್ಲೆಂಡಿಗೆ ಹೋಗಬೇಕಿಲ್ಲ, ನಿಮ್ಮ ಅಜ್ಜಿಯನ್ನು ಕೇಳಿದರೆ ಸಾಕು. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹುರಿದು, ಬೀಸಿ ಮಗುವಿಗೆ ಕುಡಿಸುತ್ತಿದ್ದರಲ್ಲ, ರಾಗಿ ಮಾಲ್ಟ್, ಆ ಮಾಲ್ಟೇ ಈ ಮಾಲ್ಟ್. ಇಲ್ಲಿ ರಾಗಿಯ ಜಾಗದಲ್ಲಿ ಬಾರ್ಲಿ. ಮೊಳಕೆ ಒಡೆದಾಗ ಕಾಳಿನ ಹಿಟ್ಟು ಸಕ್ಕರೆಯಾಗಲು ತಯಾರಾಗುತ್ತೆ. ಆ ಸಿಹಿನೀರನ್ನು ಹುದುಗು ಬರಿಸಿ, ತಾಮ್ರದ ಹಂಡೆಯಲ್ಲಿ ಬಟ್ಟಿ ಇಳಿಸಿ, ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಒಂದೇ ಡಿಸ್ಟಿಲರಿಯಲ್ಲಿ ಬರೀ ಬಾರ್ಲಿ ಮಾಲ್ಟಿನಿಂದ ಮಾಡಿದ್ದು ಸಿಂಗಲ್ ಮಾಲ್ಟ್. ಮಾಲ್ಟಿಗೆ ಬೇರೆ ಧಾನ್ಯದ ವಿಸ್ಕಿ ಬೆರೆಸಿದ್ದು ಬ್ಲೆಂಡ್.

ಶೈಲಿಗಳೆಲ್ಲ ಹುಟ್ಟೋದು ಇಲ್ಲೇ. ಮೊಳಕೆ ಒಣಗಿಸುವಾಗ ಪೀಟ್ ಎಂಬ ಜೌಗುಮಣ್ಣಿನ ಹೆಂಟೆ ಉರಿಸಿದರೆ ಹೊಗೆ ಕಾಳಿಗೇ ಹತ್ತುತ್ತೆ. ಐಲಾ ದ್ವೀಪದ ಬಹಳಷ್ಟು ವಿಸ್ಕಿಗಳ ಗುಣ ಇದು. ಸೌದೆ ಒಲೆ ಮೇಲಿನ ಅಟ್ಟದಲ್ಲಿ ಇಟ್ಟಿದ್ದ ಹುಣಸೆಹಣ್ಣನ್ನೂ ಆಸ್ಪತ್ರೆಯ ಟಿಂಚರ್ ಬಾಟಲಿಯನ್ನೂ ಒಟ್ಟಿಗೆ ಮೂಸಿದ ಹಾಗೆ. ಒಂದೇ ಸಲಕ್ಕೆ ಇಷ್ಟವಾಗಲ್ಲ, ಇಷ್ಟವಾದರೆ ಬಿಡೋಕಾಗಲ್ಲ. ಅಮೆರಿಕದ ಬರ್ಬನ್ ತುಂಬಿದ್ದ ಪೀಪಾಯಿಯಲ್ಲಿ ಇಟ್ಟರೆ ವೆನಿಲ್ಲಾ, ಕೊಬ್ಬರಿ ಬರುತ್ತೆ. ಸ್ಪೇನಿನ ಶೆರಿ ವೈನಿನ ಪೀಪಾಯಿಯಾದರೆ ಒಣದ್ರಾಕ್ಷಿ, ಖರ್ಜೂರ, ಹಳೇ ಬೆಲ್ಲ. ಐರಿಷ್ ವಿಸ್ಕಿಯಲ್ಲಿ ಬಹಳಷ್ಟನ್ನು ಮೂರು ಸಲ ಬಟ್ಟಿ ಇಳಿಸೋದರಿಂದ ಅದು ನಯ. ಬರ್ಬನ್ನಿನಲ್ಲಿ ಕನಿಷ್ಠ ಶೇ 51 ಮೆಕ್ಕೆಜೋಳ, ಒಳಗೆ ಸುಟ್ಟ ಹೊಸ ಪೀಪಾಯಿ. ಹಾಗಾಗಿ ಸಿಹಿ ಜಾಸ್ತಿ. ಇಂಗ್ಲಿಷಿನ ವಿಮರ್ಶಕರು ಹೆದರ್ ಹೂವು, ಕ್ರಿಸ್‌ಮಸ್ ಕೇಕು ಅಂತ ಬರೀತಾರೆ. ಬರೀಲಿ, ಅವರ ಊರಿನ ವಾಸನೆ ಅದು. ನಮಗೆ ದೇವನಹಳ್ಳಿ ಚಕ್ಕೋತದ ಸಿಪ್ಪೆ ಇದೆ, ಆಲೆಮನೆಯ ಹಬೆ ಇದೆ, ಹುರಿದ ರಾಗಿ ಇದೆ.

ಇನ್ನು ದುಡ್ಡಿನ ಮಾತು. ರೂಪಾಯಿ ಲೆಕ್ಕದಲ್ಲಿ ಬರೆದರೆ ನಾಳೆಗೆ ಹಳೇದಾಗುತ್ತೆ, ಲೆಕ್ಕ ಹಾಕೋ ದಾರಿ ಹೇಳ್ತೀನಿ. ಇಲ್ಲಿ ತಯಾರಾಗುವ ಸಾಮಾನ್ಯ ವಿಸ್ಕಿಯ ಮೇಲೆ ಶೇ 42.8 ಅಂತ ಇರುತ್ತೆ. ಒಂದು ಕ್ವಾಟ್ರಿನಲ್ಲಿ ಸುಮಾರು 77 ಮಿ.ಲೀ. ಆಲ್ಕೋಹಾಲು. ಈಗ ಅಮೃತ್ ಫ್ಯೂಷನ್ ತಗೊಳ್ಳಿ, ಶೇ 50. ಅದರ 750 ಮಿ.ಲೀ. ಬಾಟಲಿಗೆ ನೀವೇ ನೀರು ಬೆರೆಸಿ 42.8ಕ್ಕೆ ಇಳಿಸಿದರೆ ಸುಮಾರು 876 ಮಿ.ಲೀ. ಆಗುತ್ತೆ. ನೀರಿಗೆ ದುಡ್ಡು ಕೊಡೋದು ಬೇಡ ಅನ್ನುವವರು ಇದನ್ನು ನೆನಪಿಡಿ. ಡ್ಯೂಟಿ ಫ್ರೀಯಲ್ಲಿ ಸಿಗೋ ಬಹುತೇಕ ಬ್ಲೆಂಡ್‌ಗಳು ಶೇ 40.

ಅಮೃತ್ ಮಾತು ಬಂತು. ಕಂಪನಿ ಶುರುವಾದದ್ದು 1948ರಲ್ಲಿ, ಡಿಸ್ಟಿಲರಿ ಇರೋದು ಮೈಸೂರು ರಸ್ತೆಯ ಕಂಬೀಪುರದಲ್ಲಿ. ಅವರ ಸಿಂಗಲ್ ಮಾಲ್ಟ್ ಮೊದಲು ಬಿಡುಗಡೆಯಾಗಿದ್ದು 2004ರ ಆಗಸ್ಟ್‌ನಲ್ಲಿ, ಅದೂ ಗ್ಲಾಸ್ಗೊದಲ್ಲಿ. ಸ್ಕಾಚಿನ ಮನೆಯಂಗಳಕ್ಕೇ ಹೋಗಿ ಮಾರಿದರು. 2010ರ ‘ವಿಸ್ಕಿ ಬೈಬಲ್’ನಲ್ಲಿ ಜಿಮ್ ಮರ್ರೆ ಫ್ಯೂಷನ್ನಿಗೆ ನೂರಕ್ಕೆ 97 ಕೊಟ್ಟು ಜಗತ್ತಿನಲ್ಲಿ ಮೂರನೇ ಸ್ಥಾನದಲ್ಲಿಟ್ಟ. ಆಮೇಲೆ ನಮ್ಮವರಿಗೂ ನಂಬಿಕೆ ಬಂತು! ಅಲ್ಲಿಯವರು ಹೊಗಳಿದರೇ ತಾನೆ ನಮಗೆ ರುಚಿ ಹತ್ತೋದು?

ಫ್ಯೂಷನ್ನಿನಲ್ಲಿ ಹೊಗೆ ಹತ್ತದ ಭಾರತದ ಬಾರ್ಲಿಯೂ ಪೀಟ್ ಹೊಗೆ ಹಿಡಿದ ಸ್ಕಾಟ್ಲೆಂಡಿನ ಬಾರ್ಲಿಯೂ ಕೂಡಿವೆ. ನನ್ನ ನಾಲಿಗೆಗೆ ಮೊದಲು ಚಕ್ಕೋತದ ಸಿಪ್ಪೆ, ಆಮೇಲೆ ಹೋಳಿಗೆಯ ಹೂರಣ, ಕೊನೆಗೆ ಆರಿದ ಒಲೆಯ ಹೊಗೆ. ನೀರು ಹಾಕದೆ ಕುಡಿದರೆ ಗಂಟಲು ಬೈಯುತ್ತೆ, ನಾಲ್ಕು ಚಮಚ ನೀರು ಬಿದ್ದರೆ ಮಾತಾಡುತ್ತೆ. ಬೆಲೆ ನಮ್ಮಂಥವರಿಗೆ ವರ್ಷಕ್ಕೊಂದು ಬಾಟಲಿಯದು. ಆದರೂ ದುಡ್ಡು ದಂಡ ಅನ್ನಿಸಿಲ್ಲ.

ಅದು ವರ್ಷ ನಮೂದಿಸಲ್ಲ ಅಂತ ಕೆಲವರು ಮೂಗು ಮುರೀತಾರೆ. ಪೀಪಾಯಿಯಿಂದ ಆವಿಯಾಗಿ ಹೋಗೋದನ್ನು ದೇವತೆಗಳ ಪಾಲು ಅಂತಾರೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಅದು ವರ್ಷಕ್ಕೆ ಶೇ 2ರ ಆಸುಪಾಸು, ನಮ್ಮ ಬೆಂಗಳೂರಿನ ಹವೆಯಲ್ಲಿ ಶೇ 10–12. ಅಲ್ಲಿ ಹನ್ನೆರಡು ವರ್ಷ ಇಟ್ಟರೂ ಮುಕ್ಕಾಲು ಪೀಪಾಯಿಗಿಂತ ಹೆಚ್ಚು ಉಳಿಯುತ್ತೆ. ಇಲ್ಲಿ ಕಾಲು ಭಾಗ ಉಳಿದರೆ ಪುಣ್ಯ. ಆದರೆ ಇದೇ ಬಿಸಿಗೆ ವಿಸ್ಕಿ ಬೇಗ ಮಾಗುತ್ತೆ. ಹಾಗಾಗಿ ‘ಟ್ವೆಲ್ವ್ ಇಯರ್ಸ್’ ಅನ್ನೋ ಅಳತೆಗೋಲು ಇಲ್ಲಿ ಕೆಲಸ ಮಾಡಲ್ಲ.

ಈ ಅಳತೆಗೋಲಿನ ದರ್ಬಾರು ನೋಡಬೇಕಾದರೆ ನಮ್ಮ ಬೀಗರ ಊಟಕ್ಕೆ ಬನ್ನಿ. 2008ರಲ್ಲಿ ದೇವನಹಳ್ಳಿಗೆ ಏರ್‌ಪೋರ್ಟ್ ಬಂದಾಗಿನಿಂದ ‘ಡ್ಯೂಟಿ ಫ್ರೀ’ ಅನ್ನೋದು ಹಳ್ಳಿಯ ಮಾತಾಗಿದೆ. ವಿದೇಶದಿಂದ ಬರೋ ಒಬ್ಬರಿಗೆ ಎರಡು ಲೀಟರ್, ಅದಕ್ಕೆ ಹತ್ತು ಮಂದಿ ಕಾಯ್ತಿರುತ್ತಾರೆ. ಆ ಬಾಟಲಿ ಬೀಗರ ಟೇಬಲ್ಲಿಗೆ, ತೋಟದಲ್ಲಿ ಕೂತ ನೆಂಟರಿಗೆ ಕ್ವಾಟ್ರು. ತಮಾಷೆ ಅಂದರೆ ಬೀಗರು ಆ ಸ್ಕಾಚಿಗೆ ಕೋಲಾ ಸುರಿದು, ನಾಟಿಕೋಳಿ ಸಾರಿನ ಖಾರದ ಜೊತೆ ಒಂದೇ ಗುಟುಕಿಗೆ ಇಳಿಸುತ್ತಾರೆ. ಹೆಸರು ಟೇಬಲ್ ಮೇಲಿತ್ತು, ಮರ್ಯಾದೆ ಉಳಿಯಿತು. ವಿಸ್ಕಿ ಕುಡಿದವರು ಯಾರೂ ಇಲ್ಲ.

ನನ್ನ ಮಟ್ಟಿಗೆ ದುಡ್ಡಿಗೆ ತಕ್ಕದ್ದು ಅಂದರೆ ತಾನು ಏನು ಅಂತ ನಿಜ ಹೇಳುವ ಬಾಟಲಿ. ಆ ಲೆಕ್ಕದಲ್ಲಿ ಕೆಳಗಿನ ದರ್ಜೆಯಲ್ಲಿ ವಿಸ್ಕಿಯೇ ಬೇಡ, ಓಲ್ಡ್ ಮಂಕ್ ರಮ್ ತಗೊಳ್ಳಿ. ಕಬ್ಬಿನ ಮಗು ಕಬ್ಬಿನ ಹೆಸರಲ್ಲೇ ಬರುತ್ತೆ. ಮಧ್ಯದ ದರ್ಜೆಯಲ್ಲಿ, ಸ್ಕಾಟ್ಲೆಂಡಿನಿಂದ ಸಗಟಾಗಿ ಬಂದು ಇಲ್ಲಿ ಬಾಟಲಿಗೆ ತುಂಬಿದ ಸ್ಕಾಚ್ ನೋಡಿ. ಟೀಚರ್ಸ್ ಹೈಲ್ಯಾಂಡ್ ಕ್ರೀಮಿನಲ್ಲಿ ತೆಳುವಾಗಿ ಹೊಗೆ ಇದೆ, ಮಾಲ್ಟ್ ಇದೆ. ಹೊಗೆಯ ಶೈಲಿ ಕಲಿಯೋಕೆ ಇದಕ್ಕಿಂತ ಕಡಿಮೆ ಖರ್ಚಿನ ಪಾಠಶಾಲೆ ಕಾಣೆ. ಉಳಿದದ್ದಕ್ಕೆ ಒಂದು ಪರೀಕ್ಷೆ: ಅಗಲ ಬಾಯಿಯ ಲೋಟ ಬೇಡ, ಸಣ್ಣ ಕಾಫಿ ಲೋಟಕ್ಕೆ ಸ್ವಲ್ಪ ಹಾಕಿ, ಅಷ್ಟೇ ನೀರು ಬೆರೆಸಿ, ಹತ್ತು ನಿಮಿಷ ಬಿಡಿ. ಇಂಜೆಕ್ಷನ್ ಹತ್ತಿಯ ವಾಸನೆ ಮಾತ್ರ ಉಳಿದರೆ ಅದು ಸ್ಪಿರಿಟ್ಟು. ಬೇಕರಿ ಎಸೆನ್ಸ್ ಮೂಗಿಗೆ ಹೊಡೆದರೆ ಅದು ಫ್ಲೇವರ್ರು. ಒಂದಾದ ಮೇಲೊಂದು ವಾಸನೆ ಬಿಚ್ಚಿಕೊಂಡರೆ ದುಡ್ಡು ಸಾರ್ಥಕ. ಹೀಗೆ ಮೂಸಿ ಕುಡಿಯುವವನಿಗೆ ಕ್ವಾಟ್ರು ಎರಡು ದಿನ ಬರುತ್ತೆ, ಅದು ಮನೆಯವರಿಗೂ ಲಾಭ.

ಸರ್ಕಾರದ ಲೆಕ್ಕ ಮಾತ್ರ ಬೇರೆ. 2023ರ ಜುಲೈ ಬಜೆಟ್ಟಿನಲ್ಲಿ ಹದಿನೆಂಟೂ ಸ್ಲ್ಯಾಬಿಗೆ ಹೆಚ್ಚುವರಿ ಅಬಕಾರಿ ಸುಂಕ ಶೇ 20 ಏರಿತು. 2024ರಲ್ಲಿ ಸ್ಲ್ಯಾಬು ಹದಿನಾರಕ್ಕಿಳಿದು ದುಬಾರಿ ಬಾಟಲಿಗಳ ದರ ಇಳಿಯಿತು. 2025ರ ಜುಲೈನಲ್ಲಿ ಬ್ರಿಟನ್ ಜೊತೆ ಸಹಿಯಾದ ಒಪ್ಪಂದದ ಪ್ರಕಾರ ಸ್ಕಾಚಿನ ಆಮದು ಸುಂಕ ಶೇ 150ರಿಂದ 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಇಳಿಯಬೇಕು. ಒಳ್ಳೇದೇ, ನನಗೂ ಅನುಕೂಲ. ಆದರೆ ಇಳಿಕೆಯೆಲ್ಲ ಆಯ್ಕೆ ಇರುವವನ ಟೇಬಲ್ಲಿಗೇ ಬರುತ್ತಿದೆ. ಮಗ್ಗ ನಿಲ್ಲಿಸಿ ಬಂದವನ ಕ್ವಾಟ್ರಿನ ದರ ಇಳಿಸಿ ಅಂತ ನಾನು ಕೇಳಲ್ಲ, ಅವನ ಹೆಂಡತಿ ನನ್ನನ್ನು ಸುಮ್ಮನೆ ಬಿಡಲ್ಲ. ನಾನು ಕೇಳೋದು ಇಷ್ಟೇ: ಆ ಪ್ಯಾಕಿನ ಹಿಂದೆ ಇರುವೆಸಾಲಿನಂಥ ಅಕ್ಷರದಲ್ಲಿ ಅಡಗಿರೋದನ್ನು ಮುಂದಕ್ಕೆ ತಂದು, ಕನ್ನಡದಲ್ಲಿ, ದಪ್ಪಗೆ ಅಚ್ಚು ಹಾಕಿ. ಕಾಕಂಬಿಯದಾದರೆ ಕಾಕಂಬಿ ಅಂತ, ಬಾರ್ಲಿಯದಾದರೆ ಬಾರ್ಲಿ ಅಂತ. ಸುಂಕ ಕಟ್ಟುವವನಿಗೆ ಅಷ್ಟು ಗೊತ್ತಾಗಬೇಕು.